ಉಪ್ಪು ಬರುವಷ್ಟರಲ್ಲಿ ತೆನೆ: ಸವಳು ನೆಲದಲ್ಲಿ ಭತ್ತ ಬದುಕುವ ಬಗೆ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ದೆಹಲಿಯಲ್ಲಿ ಎರಡು ಹೊಸ ಭತ್ತದ ತಳಿಗಳನ್ನು ಘೋಷಿಸಿದರು. ಎರಡೂ ಜೀನೋಮ್ ಎಡಿಟಿಂಗ್‌ನಿಂದ, ಅಂದರೆ ಗಿಡದ ಸ್ವಂತ ಜೀನ್‌ನಲ್ಲೇ ಒಂದಿಷ್ಟು ತಿದ್ದಿ ಮಾಡಿದವು. ಒಂದರ ಹೆಸರು ಪೂಸಾ ಡಿಎಸ್‌ಟಿ ರೈಸ್ 1. ಬರ, ಉಪ್ಪು ಎರಡನ್ನೂ ತಾಳಿಕೊಳ್ಳುತ್ತದೆ ಎಂದು ಅದರ ಪರಿಚಯ. ಸುದ್ದಿ ಟಿವಿಯಲ್ಲಿ ಬರುವಾಗ ಬೆಂಗಳೂರಿನ ನಮ್ಮ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು: "ಅಲ್ಲ ಕಣೋ, ಉಪ್ಪು ನೆಲದಲ್ಲಿ ಬೆಳೆದ ಅಕ್ಕಿ ಅಂದ್ರೆ ಸಾರಿಗೆ ಉಪ್ಪು ಕಮ್ಮಿ ಹಾಕ್ಬೇಕಾಗುತ್ತಾ?"

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಪ್ರಶ್ನೆ ಚೆನ್ನಾಗಿಯೇ ಇತ್ತು. ಬೇರು ಉಪ್ಪು ನೀರಿನಲ್ಲಿದೆ. ಆ ನೀರನ್ನೇ ಕುಡಿದು ಗಿಡ ಬೆಳೆಯುತ್ತದೆ. ಹಾಗಾದರೆ ಆ ಉಪ್ಪೆಲ್ಲ ಎಲ್ಲಿ ಹೋಗುತ್ತದೆ? ಇದಕ್ಕೆ ಉತ್ತರ ಹುಡುಕಹೊರಟರೆ ಭತ್ತದ ಗಿಡದೊಳಗಿನ ಇಡೀ ವ್ಯವಸ್ಥೆಯನ್ನೇ ನೋಡಿಬರಬೇಕಾಗುತ್ತದೆ.

ಯಾವ ಉಪ್ಪು, ಎಷ್ಟು ಉಪ್ಪು

ಕನ್ನಡದಲ್ಲಿ ಇಂಥ ನೆಲಕ್ಕೆ ಹೆಸರುಗಳಿಗೆ ಬರವಿಲ್ಲ: ಸವಳು, ಚೌಳು, ಕ್ಷಾರ, ಜವಳು. ಮಾತಿನಲ್ಲಿ ಎಲ್ಲವನ್ನೂ ಒಟ್ಟಿಗೆ "ಸವಳು-ಜವಳು" ಎಂದುಬಿಡುತ್ತೇವೆ. ಆದರೆ ಇವು ಬೇರೆ ಬೇರೆ ಕಾಯಿಲೆಗಳು. ಜವಳು ಎಂದರೆ ನೀರು ಬಸಿದುಹೋಗದೆ ಸದಾ ಜಿನುಗುವ ನೆಲ. ಸವಳು ಎಂದರೆ ನೀರಿನಲ್ಲಿ ಕರಗುವ ಲವಣಗಳು ಮಿತಿಮೀರಿದ ನೆಲ. ಅದರಲ್ಲಿ ನಾವು ತಿನ್ನುವ ಉಪ್ಪೂ (ಸೋಡಿಯಂ ಕ್ಲೋರೈಡ್) ಇರುತ್ತದೆ, ಸಲ್ಫೇಟ್‌ನಂಥ ಬೇರೆ ಲವಣಗಳೂ ಇರುತ್ತವೆ. ಕ್ಷಾರ ಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳಿಗೆ ಅಂಟಿ ಕುಳಿತಿರುತ್ತದೆ. ಅಲ್ಲಿ ಪಿಎಚ್ 8.5 ದಾಟಿರುತ್ತದೆ. ಮಣ್ಣು ನೆನೆದರೆ ಅಂಟು, ಒಣಗಿದರೆ ಕಲ್ಲು. ಕ್ಷಾರಕ್ಕೆ ಜಿಪ್ಸಂ ಹಾಕಬೇಕು, ಸವಳಿಗೆ ತೊಳೆಯುವ ನೀರೂ ಆ ನೀರು ಹೊರಹೋಗುವ ದಾರಿಯೂ ಬೇಕು. ಭಾರತದಲ್ಲಿ ಎರಡೂ ಸೇರಿ ಸುಮಾರು 67 ಲಕ್ಷ ಹೆಕ್ಟೇರ್ ಇದೆ ಎಂಬುದು ಸರ್ಕಾರಿ ಸಂಸ್ಥೆಗಳು ಬಳಸುವ ಲೆಕ್ಕ. ಈ ಲೇಖನದಲ್ಲಿ ಮುಖ್ಯವಾಗಿ ಸವಳಿನ ಮಾತು.

ಉಪ್ಪನ್ನು ಅಳೆಯುವುದು ಹೇಗೆ? ಶುದ್ಧ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಉಪ್ಪು ಕರಗಿದ್ದರೆ ಸರಾಗವಾಗಿ ಹರಿಯುತ್ತದೆ. ಎಷ್ಟು ಸರಾಗವೋ ಅಷ್ಟು ಉಪ್ಪು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ "ಇ.ಸಿ." ಎಂದು ಬರೆದಿರುವುದು ಇದೇ. ಅದರ ಅಳತೆ ಡೆಸಿಸೀಮೆನ್ಸ್, ಹೆಸರಿಗೆ ಹೆದರಬೇಕಾಗಿಲ್ಲ. ಒಂದು ಡೆಸಿಸೀಮೆನ್ಸ್ ಎಂದರೆ ಲೀಟರ್ ನೀರಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗ್ರಾಂಗಿಂತ ಸ್ವಲ್ಪ ಕಡಿಮೆ ಲವಣ ಎಂದಿಟ್ಟುಕೊಂಡರೆ ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಇರುತ್ತದೆ.

ಈಗ ಅಚ್ಚರಿಯ ಸಂಗತಿ. ನೀರಲ್ಲೇ ಹುಟ್ಟಿ ನೀರಲ್ಲೇ ಬೆಳೆಯುವ ಭತ್ತ, ಮುಖ್ಯ ಧಾನ್ಯಗಳಲ್ಲಿ ಉಪ್ಪಿಗೆ ಅತಿ ಸೂಕ್ಷ್ಮವಾದವುಗಳಲ್ಲೊಂದು. ಇ.ಸಿ. 3 ದಾಟಿದರೆ ಅದರ ಇಳುವರಿ ಇಳಿಯಲು ಶುರು. ಲೀಟರಿಗೆ ಎರಡು ಗ್ರಾಂ ಲವಣ, ಅಂದರೆ ಟೀ ಚಮಚದ ಮೂರನೇ ಒಂದು ಪಾಲು. ಅಲ್ಲಿಂದಾಚೆಗೆ ಒಂದೊಂದು ಅಂಕಿ ಏರಿದಾಗಲೂ ಸುಮಾರು ಶೇ. 12ರಷ್ಟು ಇಳುವರಿ ಹೋಗುತ್ತದೆ. 7 ದಾಟುವ ಹೊತ್ತಿಗೆ ಅರ್ಧ ಬೆಳೆ ಮಾಯ. ಗೋಧಿ 6ರವರೆಗೆ ತಡೆಯುತ್ತದೆ, ಹತ್ತಿ 7.7, ಬಾರ್ಲಿ 8. (ಒಂದು ಎಚ್ಚರಿಕೆ: ಈ ಅಂಕಿಗಳು ಮಣ್ಣನ್ನು ಕೆಸರಿನಂತೆ ಕಲಸಿ ಹಿಂಡಿ ತೆಗೆದ ನೀರಿನವು. ಅನೇಕ ಪ್ರಯೋಗಾಲಯಗಳು ಮಣ್ಣಿಗೆ ಎರಡು ಪಟ್ಟು ನೀರು ಬೆರೆಸಿ ಅಳೆಯುತ್ತವೆ. ಆಗ ಅಂಕಿ ಕಡಿಮೆ ಬರುತ್ತದೆ. ಚೀಟಿಯಲ್ಲಿ 2 ಎಂದಿದೆ, ಪಾರಾದೆ ಎಂದುಕೊಳ್ಳುವ ಮುಂಚೆ ಯಾವ ವಿಧಾನ ಎಂದು ಕೇಳಿ.)

ಹಾಗಿದ್ದರೂ ಸವಳು ನೆಲ ಕಂಡಲ್ಲಿ ರೈತ ಭತ್ತವನ್ನೇ ಹಾಕುತ್ತಾನೆ, ಕೃಷಿ ವಿಜ್ಞಾನಿಗಳೂ ಅದನ್ನೇ ಸೂಚಿಸುತ್ತಾರೆ. ಕಾರಣ ಸರಳ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಉಪ್ಪು ತೆಳುವಾಗುತ್ತದೆ, ಕೆಳಕ್ಕೆ ಇಳಿಯುತ್ತದೆ. ಗೋಧಿಯನ್ನೋ ಹತ್ತಿಯನ್ನೋ ಹಾಗೆ ನೀರಿನಲ್ಲಿ ನಿಲ್ಲಿಸಿದರೆ ವಾರದಲ್ಲಿ ಕೊಳೆಯುತ್ತದೆ. ಭತ್ತ ಉಪ್ಪಿನ ಮುಂದೆ ದುರ್ಬಲ, ನೀರಿನ ಮುಂದೆ ಗಟ್ಟಿ. ಆ ಗಟ್ಟಿತನವೇ ಅದನ್ನು ಸವಳು ನೆಲಕ್ಕೆ ತಂದಿದೆ.

ಉಪ್ಪು ಮೇಲೆ ಬರುವುದು ಬತ್ತಿಯ ಹಾಗೆ

ಕರಾವಳಿಯಲ್ಲಿ ಉಪ್ಪು ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಮುದ್ರದಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಒಳಗಿರುವ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳಲ್ಲಿ ಏಕೆ?

ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಕಾಲುವೆಗಳಲ್ಲಿ ಹರಿಯಿತು. ಯೋಜನೆ ಹಾಕಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ತಲೆಭಾಗದಲ್ಲಿ ನೆಲ್ಲು (ಆ ಕಡೆ ಭತ್ತಕ್ಕೆ ಇದೇ ಹೆಸರು) ಹೆಚ್ಚಿತು, ನೀರು ನಿಂತಿತು. ಕಪ್ಪು ಮಣ್ಣು ನೀರನ್ನು ಸುಲಭಕ್ಕೆ ಬಸಿದುಬಿಡುವುದಿಲ್ಲ. ನೆಲದಡಿಯ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಮೇಲೇರಿತು. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಮಣ್ಣು ಅಡಿಯ ನೀರನ್ನು ಮೇಲೆಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಲವಣ ಮೇಲೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಆ ಕಡೆ ಹೋದರೆ ಬದುವಿನ ಪಕ್ಕ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ಕಾಲಲ್ಲಿ ಒತ್ತಿದರೆ ಮೇಲಿನ ಪದರ ಹಪ್ಪಳದಂತೆ ಮುರಿಯುತ್ತದೆ, ಕೆಳಗೆ ಹಸಿ.

ಮೊದಲ ಪೆಟ್ಟು: ನೀರಿದ್ದೂ ಬಾಯಾರಿಕೆ

ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಏನಾಗುತ್ತದೆ? ಹತ್ತು ನಿಮಿಷದಲ್ಲಿ ಬಟ್ಟಲ ತಳದಲ್ಲಿ ನೀರು, ಸೌತೆಕಾಯಿ ಮೆತ್ತಗೆ. ಹೊರಗೆ ಉಪ್ಪು ಹೆಚ್ಚಿದ್ದರೆ ಜೀವಕೋಶದೊಳಗಿನ ನೀರು ಆ ಕಡೆಗೆ ಹೊರಡುತ್ತದೆ. ಬೇರಿಗೂ ಇದೇ ನಿಯಮ. ಸಾಮಾನ್ಯವಾಗಿ ಬೇರಿನೊಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ, ಆದ್ದರಿಂದ ನೀರು ತಾನಾಗಿ ಒಳಗೆ ಬರುತ್ತದೆ. ಮಣ್ಣಿನ ನೀರಿಗೆ ಉಪ್ಪು ಸೇರಿದಷ್ಟೂ ಆ ಸೆಳೆತ ಕುಗ್ಗುತ್ತದೆ. ಗದ್ದೆಯ ತುಂಬ ನೀರು ಇದ್ದರೂ ಗಿಡದ ಪಾಲಿಗೆ ಅದು ಬರ.

ಇದು ಆಗುವುದು ನಿಮಿಷಗಳಲ್ಲಿ, ಗಂಟೆಗಳಲ್ಲಿ. ಗಿಡದ ಪ್ರತಿಕ್ರಿಯೆಯೂ ಅಷ್ಟೇ ಚುರುಕು. ಬರದಲ್ಲಿ ಏಳುವ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಇಲ್ಲೂ ಏರುತ್ತದೆ. ಎಲೆಯ ಮೇಲಿನ ಪತ್ರರಂಧ್ರಗಳು, ಅಂದರೆ ಗಾಳಿ ಒಳಗೆ ಬಂದು ನೀರಾವಿ ಹೊರಹೋಗುವ ಸಣ್ಣ ಸಣ್ಣ ಬಾಯಿಗಳು, ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಆದರೆ ಗಾಳಿಯೂ ನಿಲ್ಲುವುದರಿಂದ ಆಹಾರ ತಯಾರಿಕೆ ಕುಂಟುತ್ತದೆ. ಹೊಸ ಎಲೆ ನಿಧಾನ, ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆ. ಜೊತೆಗೆ ಗಿಡ ಪ್ರೋಲಿನ್, ಸಕ್ಕರೆಯಂಥ ನಿರುಪದ್ರವಿ ಪದಾರ್ಥಗಳನ್ನು ಕೋಶದೊಳಗೆ ಕೂಡಿಟ್ಟು ತನ್ನ ರಸವನ್ನು ಗಟ್ಟಿಮಾಡಿಕೊಳ್ಳುತ್ತದೆ, ಮತ್ತೆ ನೀರನ್ನು ತನ್ನ ಕಡೆಗೆ ಎಳೆಯುವುದಕ್ಕೆ.

ಎರಡನೇ ಪೆಟ್ಟು ನಿಧಾನವಾಗಿ ಬೀಳುತ್ತದೆ

ಬಾಯಾರಿಕೆಯಿಂದ ಗಿಡ ಸೊರಗುತ್ತದೆ. ಸಾಯಿಸುವುದು ಹೆಚ್ಚಾಗಿ ಸೋಡಿಯಂ. ಅದಕ್ಕೆ ದಿನಗಳು, ವಾರಗಳು ಬೇಕು.

ಎಲೆಗೆ ಬಂದ ನೀರು ಆವಿಯಾಗುತ್ತದೆ, ಸೋಡಿಯಂ ಉಳಿಯುತ್ತದೆ. ಗದ್ದೆಯ ಮೇಲೆ ಬಿಳಿ ಪುಡಿ ಕೂತಂತೆಯೇ ಎಲೆಯೊಳಗೂ ಕೂರುತ್ತದೆ. ಹೆಚ್ಚು ದಿನದಿಂದ ನೀರು ಎಳೆಯುತ್ತಿರುವುದು ಹಳೆಯ ಎಲೆ, ಆದ್ದರಿಂದ ಮೊದಲು ಹೋಗುವುದೂ ಅದೇ. ಸವಳು ಹತ್ತಿದ ಸಸಿಯನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿ: ಕೆಳಗಿನ ಎಲೆಯ ತುದಿ ಬೆಳ್ಳಗೆ, ಬೆಂದ ಹಾಗೆ, ಅಂಚು ಒಳಕ್ಕೆ ಸುರುಳಿ, ನಡುವೆ ಹೊಸ ಸುಳಿ ಇನ್ನೂ ಹಸಿರು. ಅನೇಕ ರೋಗಗಳಲ್ಲಿ ಎಲೆಗಳ ಮೇಲೆ ಮಚ್ಚೆ ಎಲ್ಲೆಂದರಲ್ಲಿ ಬೀಳುತ್ತದೆ. ಉಪ್ಪು ತುದಿಯಿಂದ ಬುಡಕ್ಕೆ, ಹಳೆ ಎಲೆಯಿಂದ ಹೊಸ ಎಲೆಗೆ ಲೆಕ್ಕ ಹಾಕಿದಂತೆ ಹೋಗುತ್ತದೆ.

ಸೋಡಿಯಂ ಮಾಡುವ ಹಾನಿ ಏನು? ಅದು ಪೊಟ್ಯಾಸಿಯಂನ ಹಾಗೆ ಕಾಣುತ್ತದೆ. ಎರಡಕ್ಕೂ ಒಂದೇ ವಿದ್ಯುದಂಶ, ಗಾತ್ರದಲ್ಲಿ ಅಲ್ಪ ವ್ಯತ್ಯಾಸ. ಜೀವಕೋಶದ ಹತ್ತಾರು ಕಿಣ್ವಗಳು ಕೆಲಸ ಮಾಡುವುದು ಪೊಟ್ಯಾಸಿಯಂ ಕೈಹಿಡಿದಾಗ. ಪಕ್ಕದ ಮನೆಯ ಬೀಗದಕೈ ನಮ್ಮ ಬೀಗದೊಳಗೆ ಹೊಕ್ಕೀತು, ತಿರುಗುವುದಿಲ್ಲ, ಸಿಕ್ಕಿಹಾಕಿಕೊಂಡರೆ ನಮ್ಮ ಕೀಲಿಗೂ ಜಾಗವಿಲ್ಲ, ಅದೇ ಪಾಡು. ಆದ್ದರಿಂದ ತಳಿ ಪರೀಕ್ಷೆ ಮಾಡುವವರು ಎಲೆಯಲ್ಲಿ ಸೋಡಿಯಂ ಎಷ್ಟಿದೆ ಎಂಬುದಷ್ಟನ್ನೇ ನೋಡುವುದಿಲ್ಲ. ಪೊಟ್ಯಾಸಿಯಂಗೆ ಹೋಲಿಸಿದರೆ ಎಷ್ಟು ಎಂದು ನೋಡುತ್ತಾರೆ.

ಎರಡನೇ ಪೆಟ್ಟಿನ ಈ ನಿಧಾನವೇ ಭತ್ತಕ್ಕೆ ಸಿಗುವ ಅವಕಾಶ. ಭತ್ತದ ಆಯಸ್ಸು ನಾಲ್ಕೈದು ತಿಂಗಳು. ಅಷ್ಟರೊಳಗೆ ಕಾಳು ಕಟ್ಟಿದರೆ ಗಿಡ ಗೆದ್ದಂತೆ. ಆಮೇಲೆ ಎಲೆ ಉಪ್ಪು ತುಂಬಿ ಒಣಗಿದರೆ ಒಣಗಲಿ. ಇನ್ನು ಮುಂದೆ ಹೇಳುವ ಉಪಾಯಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ದಿನ ತಳ್ಳುವ ಉಪಾಯಗಳು.

ಬೇರಿನಿಂದ ಸುಳಿಯವರೆಗೆ ಎಷ್ಟು ಬಾಗಿಲು

ಮೊದಲ ತಡೆ ಬೇರಿನೊಳಗೆ. ಬೇರಿನ ಹೊರಭಾಗ ಸ್ಪಂಜಿನಂತೆ. ಕೋಶಗಳ ಸಂದಿಯಲ್ಲಿ ನೀರು, ಉಪ್ಪು ಎರಡೂ ಓಡಾಡುತ್ತವೆ. ನಡುವೆ ನೀರಿನ ಕೊಳವೆಗಳಿವೆ. ಅವುಗಳ ಸುತ್ತಲಿನ ಕೋಶಗಳ ಸಂದಿಯನ್ನು ಗಿಡ ಮೇಣದಂಥ ಪದಾರ್ಥದಿಂದ ಗಾರೆ ಹಾಕಿ ಮುಚ್ಚಿರುತ್ತದೆ. ಇದಕ್ಕೆ ಕ್ಯಾಸ್ಪರಿಯನ್ ಪಟ್ಟಿ ಎನ್ನುತ್ತಾರೆ. ಒಳಗೆ ಹೋಗಬೇಕಾದರೆ ಕೋಶದ ಮೂಲಕವೇ, ಪಹರೆಯವರ ಕಣ್ಣೆದುರೇ ಹೋಗಬೇಕು.

ಭತ್ತದಲ್ಲಿ ಈ ಗಾರೆ ಕೆಲವೆಡೆ ಬಿರುಕು. ಕವಲು ಬೇರುಗಳು ಒಳಗಿನಿಂದ ಹೊರಟು ಗೋಡೆ ಒಡೆದುಕೊಂಡು ಬರುವ ಜಾಗಗಳಲ್ಲಿ ಸಂದಿ ಉಳಿಯುತ್ತದೆ. ಅಲ್ಲಿಂದ ನುಸುಳುವ ನೀರು ಒಟ್ಟು ನೀರಿನಲ್ಲಿ ಚೂರೇ ಚೂರು. ಆದರೆ ಮಣ್ಣಿನ ಉಪ್ಪನ್ನು ಸೋಸದೆ ಹಾಗೇ ತರುತ್ತದೆ. ಎಲೆಗೆ ಮುಟ್ಟುವ ಸೋಡಿಯಂನಲ್ಲಿ ದೊಡ್ಡ ಪಾಲು ಈ ಕಳ್ಳದಾರಿಯದೇ ಎಂದು ಭತ್ತದ ಬೇರುಗಳ ಮೇಲೆ ದಶಕಗಳ ಕಾಲ ನಡೆದ ಪ್ರಯೋಗಗಳು ತೋರಿಸಿವೆ. ಈ ಸಂದಿಯನ್ನು ಕಡಿಮೆ ಮಾಡುವ ಒಂದು ವಸ್ತು ಸಿಲಿಕಾನ್. ಭತ್ತದ ಗರಿ ಸವರಿದರೆ ಕೈ ಕುಯ್ಯುತ್ತದಲ್ಲ, ಅದು ಅದರೊಳಗಿನ ಸಿಲಿಕಾದಿಂದ. ಬೇರಿನಲ್ಲೂ ಅದು ಕೂತು ಸಂದಿಗಳನ್ನು ಸ್ವಲ್ಪ ಬಿಗಿಮಾಡುತ್ತದೆ, ಆಗ ಸೋಡಿಯಂ ಒಳಬರುವುದು ತಗ್ಗುತ್ತದೆ.

ಎರಡನೇ ತಡೆ, ಒಳಗೆ ಬಂದದ್ದನ್ನು ಹೊರಹಾಕುವುದು. ಬೇರಿನ ಕೋಶಗಳ ಪೊರೆಯಲ್ಲಿ ಸೋಡಿಯಂ ಅನ್ನು ಹೊರಗೆ ತಳ್ಳುವ ಪಂಪುಗಳಿವೆ, ಎಸ್‌ಒಎಸ್‌1 ಅವುಗಳಲ್ಲೊಂದು. ತೂತು ಬಿದ್ದ ದೋಣಿಯಲ್ಲಿ ಕೂತು ನೀರು ಮೊಗೆದು ಹಾಕುವ ಕೆಲಸ ಅದು. ಮೊಗೆಯುವ ಕೈಗೆ ಶಕ್ತಿ ಬೇಕು, ಆ ಶಕ್ತಿ ಕಾಳಿಗೆ ಹೋಗಬೇಕಾದದ್ದು.

ಮೂರನೇ ತಡೆ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಬೇರಿನಿಂದ ಎಲೆಗೆ ನೀರು ಸಾಗಿಸುವ ಕೊಳವೆಯನ್ನು ಒಂದು ಬಸ್ಸು ಎಂದುಕೊಳ್ಳಿ. ಸೋಡಿಯಂ ಟಿಕೆಟಿಲ್ಲದೆ ಹತ್ತಿದೆ. ಕಂಡಕ್ಟರ್ ಅದನ್ನು ಮುಂದಿನ ಸ್ಟಾಪಿನಲ್ಲೇ ಕೆಳಗಿಳಿಸುತ್ತಾನೆ. ಕೊಳವೆಯ ಪಕ್ಕದ ಕೋಶಗಳಲ್ಲಿರುವ ಒಂದು ಪ್ರೋಟೀನು ಮಾಡುವುದು ಅದನ್ನೇ. ಮೇಲೇರುವ ರಸದಿಂದ ಸೋಡಿಯಂ ಎತ್ತಿ ಬೇರಿನಲ್ಲೂ ಬುಡದಲ್ಲೂ ಇಳಿಸುತ್ತದೆ, ಪೊಟ್ಯಾಸಿಯಂ ಅನ್ನು ಮುಂದೆ ಬಿಡುತ್ತದೆ. 2005ರಲ್ಲಿ ಚೀನಾದ ವಿಜ್ಞಾನಿಗಳು ಇದರ ಜೀನ್ ಅನ್ನು ಗುರುತಿಸಿದರು. ಅದಕ್ಕೆ ಬಳಸಿದ ತಳಿ ನಮ್ಮ ಬಂಗಾಳದ ನೋನಾ ಬೊಕ್ರಾ. ಬಂಗಾಳಿಯಲ್ಲಿ "ನೋನಾ" ಎಂದರೆ ಉಪ್ಪುಪ್ಪಾದದ್ದು. ಜಪಾನಿನ ರುಚಿಯ ತಳಿ ಕೋಶಿಹಿಕಾರಿಯಲ್ಲೂ ಇದೇ ಪ್ರೋಟೀನು ಇದೆ, ಕೇವಲ ನಾಲ್ಕು ಅಮೈನೋ ಆಮ್ಲಗಳ ವ್ಯತ್ಯಾಸ. ಆದರೆ ಅಲ್ಲಿ ಕಂಡಕ್ಟರ್ ಅಷ್ಟು ಚುರುಕಿಲ್ಲ.

ಇಷ್ಟಾದರೂ ತಪ್ಪಿಸಿಕೊಂಡು ಎಲೆಗೆ ಬಂದ ಸೋಡಿಯಂಗೆ ಅಟ್ಟ ಇದೆ. ಸಸ್ಯಕೋಶದ ನಡುವೆ ರಸಧಾನಿ ಎಂಬ ದೊಡ್ಡ ಚೀಲವಿರುತ್ತದೆ. ಕೋಶದ ಕೆಲಸವೆಲ್ಲ ನಡೆಯುವುದು ಅದರ ಹೊರಗಿನ ದ್ರವದಲ್ಲಿ. ಸೋಡಿಯಂ ಅನ್ನು ಆ ಚೀಲದೊಳಗೆ ತಳ್ಳಿ ಬಾಗಿಲು ಹಾಕಿಬಿಟ್ಟರೆ ಅದು ಅಲ್ಲಿದ್ದೂ ತೊಂದರೆಯಿಲ್ಲ. ಅಟ್ಟ ತುಂಬುವವರೆಗೆ ಮಾತ್ರ. ತುಂಬಿದ ಎಲೆಯನ್ನು ಗಿಡ ಕೈಬಿಡುತ್ತದೆ: ಬುಡದ ಮುದಿ ಎಲೆಗಳಿಗೆ ಉಪ್ಪು ತುಂಬಿ, ಸುಳಿಯನ್ನೂ ತೆನೆಯ ಪಕ್ಕದ ಕೊನೆಯ ಎಲೆಯನ್ನೂ ಕಾಪಾಡುತ್ತದೆ. ಕಾಳಿಗೆ ಹಾಲು ತುಂಬಿಸುವುದು ಮುಖ್ಯವಾಗಿ ಆ ಕೊನೆಯ ಎಲೆ.

ಇನ್ನೊಂದಿದೆ, ಜಾಣ್ಮೆ ಎನ್ನಲಾಗದಷ್ಟು ಸರಳವಾದದ್ದು: ಬೇಗ ಬೇಗ ದೊಡ್ಡದಾಗಿ ಬೆಳೆಯುವುದು. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸೇರಿಸುತ್ತೇವಲ್ಲ, ಹಾಗೆ. ಬಂದ ಉಪ್ಪು ಅಷ್ಟೇ ಇದ್ದರೂ ಗಿಡ ದೊಡ್ಡದಿದ್ದರೆ ಎಲೆ ಎಲೆಗೂ ಹಂಚಿಹೋಗಿ ತೆಳುವಾಗುತ್ತದೆ. ಕರಾವಳಿಯ ಹಳೆಯ ತಳಿಗಳೆಲ್ಲ ಆಳೆತ್ತರ ಬೆಳೆಯುವುದರ ಗುಟ್ಟಿನಲ್ಲಿ ಇದೂ ಒಂದು. ಹಸಿರು ಕ್ರಾಂತಿಯ ಗಿಡ್ಡ ತಳಿಗಳಿಗೆ ಗೊಬ್ಬರ ಹಾಕಿದರೆ ಬೀಳದೆ ಕಾಳು ಕೊಡುವ ಗುಣ ಬಂತು, ಈ ಹಂಚಿಕೆಯ ಅನುಕೂಲ ಹೋಯಿತು.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಬೇರಿನಿಂದ ನೀರು ನೇರವಾಗಿ ಹೋಗುವುದು ಎಲೆಗೆ. ಕಾಳಿಗೆ ಬರುವುದು ಎಲೆ ತಯಾರಿಸಿದ ಸಕ್ಕರೆ, ಬೇರೆಯದೇ ಕೊಳವೆಯಲ್ಲಿ, ಮತ್ತೊಮ್ಮೆ ಸೋಸಿಕೊಂಡು. ಇಷ್ಟು ಬಾಗಿಲು ದಾಟಿ ಕಾಳಿಗೆ ಮುಟ್ಟುವ ಸೋಡಿಯಂ ನಾಲಿಗೆಗೆ ತಿಳಿಯುವಷ್ಟಿರುವುದಿಲ್ಲ. ಸಾರಿಗೆ ಎಂದಿನಷ್ಟೇ ಉಪ್ಪು.

ಒಂದೇ ಗಿಡ, ವಯಸ್ಸಿಗೊಂದು ಗುಣ

ಭತ್ತ ಉಪ್ಪು ತಾಳುತ್ತದೆಯೇ ಎಂಬ ಪ್ರಶ್ನೆಗೆ ಎದುರು ಪ್ರಶ್ನೆ: ಎಷ್ಟನೇ ದಿನ? ಮೊಳಕೆ ಒಡೆಯುವಾಗ ಅದು ಸಾಕಷ್ಟು ಗಟ್ಟಿ. ಎರಡು ಮೂರು ಎಲೆಯ ಎಳೆ ಸಸಿಯಾದಾಗ ತೀರ ನಾಜೂಕು. ತೆಂಡೆ ಒಡೆಯುವ ಕಾಲಕ್ಕೆ ಮತ್ತೆ ಚೇತರಿಸಿಕೊಳ್ಳುತ್ತದೆ. ಹೊಡೆ ತುಂಬಿ ಹೂವಾಡುವಾಗ ಇನ್ನೊಮ್ಮೆ ಸೋಲುತ್ತದೆ. ಪರಾಗ ಸತ್ತರೆ ಕಾಳು ಕಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಹೊಲ ಹಸಿರಾಗಿಯೇ ಇರುತ್ತದೆ, ತೆನೆ ಹಿಡಿದು ಹಿಸುಕಿದರೆ ಜೊಳ್ಳು.

ಈ ಎರಡು ನಾಜೂಕು ಹಂತಗಳ ತಾಳಿಕೆ ಒಂದಕ್ಕೊಂದು ಗಂಟುಬಿದ್ದಿಲ್ಲ. ಸಸಿಯಲ್ಲಿ ಗಟ್ಟಿಯಿದ್ದ ತಳಿ ಹೂವಿನಲ್ಲೂ ಗಟ್ಟಿ ಇರಬೇಕೆಂದೇನಿಲ್ಲ. ಸವಳು ನೆಲದ ಬೇಸಾಯದ ಸಲಹೆಗಳು ಈ ಲೆಕ್ಕದ ಮೇಲೆಯೇ ನಿಂತಿವೆ. ಸಸಿಯನ್ನು ಒಳ್ಳೆಯ ನೆಲದ ಮಡಿಯಲ್ಲಿ ಬೆಳೆಸಿ, ಸ್ವಲ್ಪ ಬಲಿತ ಮೇಲೆ, ಮೂವತ್ತು ಮೂವತ್ತೈದು ದಿನದ್ದನ್ನು ನಾಟಿ ಮಾಡುವುದು. ಗುಣಿಗೆ ಒಂದೆರಡು ಸಸಿ ಹೆಚ್ಚು ಇಡುವುದು, ಕೆಲವು ಸಾಯುತ್ತವೆ ಎಂದು ಮೊದಲೇ ಎಣಿಸಿ. ನಾಟಿಗೆ ಮುಂಚೆ ನೀರು ಕಟ್ಟಿ ಬಿಟ್ಟು ಉಪ್ಪು ತೊಳೆಯುವುದು. ಹೂವಾಡುವ ಹೊತ್ತಿಗೆ ಗದ್ದೆ ಒಣಗಲು ಬಿಡದಿರುವುದು, ಏಕೆಂದರೆ ಒಣಗಿದರೆ ಬತ್ತಿ ಮತ್ತೆ ಉಪ್ಪನ್ನು ಮೇಲೆಳೆಯುತ್ತದೆ. ತೊಳೆದ ನೀರು ಹೊರಹೋಗಲು ಬಸಿಗಾಲುವೆಯೋ ನೆಲದಡಿಯ ತೂತಿನ ಪೈಪೋ ಇಲ್ಲದಿದ್ದರೆ ಇದೆಲ್ಲ ಅರ್ಧ ಕೆಲಸ.

ತಳಿಗಾರರ ಹುಡುಕಾಟ

ಕೊಚ್ಚಿಯ ಸುತ್ತಮುತ್ತ, ಹಿನ್ನೀರಿನ ಅಂಚಿನಲ್ಲಿ ಬೆಳೆಯುವ ಪೊಕ್ಕಾಳಿ ಈ ಕಥೆಯಲ್ಲಿ ದೊಡ್ಡ ಹೆಸರು. ಮಲಯಾಳಂನಲ್ಲಿ "ಪೊಕ್ಕಂ" ಎಂದರೆ ಎತ್ತರ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಉಪ್ಪಿಗೆ ತೀರ ಸೋಲುವ ಐಆರ್ 29ರ ಜೊತೆ ಕೂಡಿಸಿ ಮಕ್ಕಳನ್ನು ಬೆಳೆಸಿತು. ಯಾವ ಮಕ್ಕಳು ಬದುಕಿದವು, ಅವುಗಳಲ್ಲಿ ಪೊಕ್ಕಾಳಿಯ ಯಾವ ಭಾಗ ಇದೆ ಎಂದು ಹುಡುಕಿದಾಗ ಒಂದನೇ ವರ್ಣತಂತುವಿನ ಒಂದು ತುಂಡು ಸಿಕ್ಕಿತು. ಅದಕ್ಕೆ "ಸಾಲ್ಟಾಲ್" ಎಂದು ಹೆಸರಿಟ್ಟರು. ನಾವು ನೋಡಿದ ಕಂಡಕ್ಟರ್ ಜೀನ್ ಇರುವುದೂ ಅದೇ ಪ್ರದೇಶದಲ್ಲಿ. ಆ ಮಕ್ಕಳಲ್ಲಿ ಎಫ್‌ಎಲ್ 478 ಎಂಬುದು ಜಗತ್ತಿನ ಅನೇಕ ತಳಿ ಅಭಿವೃದ್ಧಿ ಕಾರ್ಯಕ್ರಮಗಳಿಗೆ ಉಪ್ಪು ತಾಳುವ ತಾಯಿಯೋ ತಂದೆಯೋ ಆಗಿದೆ.

ಸಾಲ್ಟಾಲ್‌ಗೆ ಮಿತಿಯೂ ಇದೆ: ಅದು ಮುಖ್ಯವಾಗಿ ಸಸಿಯನ್ನು ಕಾಯುತ್ತದೆ, ಹೂವನ್ನಲ್ಲ. ಹಾಗಾಗಿ ಒಂದು ತುಂಡು ಸೇರಿಸಿದರೆ ಮುಗಿಯಿತು ಎನ್ನುವಂತಿಲ್ಲ. 1969ರಲ್ಲಿ ಶುರುವಾದ, ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಹೊಲದಲ್ಲೇ ಆರಿಸಿ ಆರಿಸಿ ಸಿಎಸ್‌ಆರ್ 10, ಸಿಎಸ್‌ಆರ್ 36, ಬಾಸ್ಮತಿ ಜಾತಿಯ ಸಿಎಸ್‌ಆರ್ 30 ಮುಂತಾದ ತಳಿಗಳನ್ನು ತಂದಿತು. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲೂ ಸವಳು ನೆಲದ ಮೇಲೆ ಕೆಲಸ ನಡೆಯುತ್ತಿದೆ.

ಹೊಸ ಪೂಸಾ ಡಿಎಸ್‌ಟಿ ರೈಸ್ 1ರ ದಾರಿ ಬೇರೆ. ಮೂಲ ತಳಿ ಎಂಟಿಯು 1010, ರೈತರಿಗೆ ಪರಿಚಿತವಾದದ್ದೇ. ಅದರಲ್ಲಿ ತಿದ್ದಿದ ಜೀನ್‌ನ ಹೆಸರು ಡಿಎಸ್‌ಟಿ; ಇಂಗ್ಲಿಷಿನ ಆ ಮೂರಕ್ಷರ ಬಿಡಿಸಿದರೆ "ಬರ ಮತ್ತು ಉಪ್ಪು ತಾಳಿಕೆ" ಎಂದಾಗುತ್ತದೆ. ಹೆಸರು ದಾರಿತಪ್ಪಿಸುವಂಥದು, ಏಕೆಂದರೆ ಈ ಜೀನ್ ಕೆಲಸ ಮಾಡುತ್ತಿರುವಷ್ಟು ಕಾಲ ತಾಳಿಕೆ ಕಡಿಮೆ. ಪತ್ರರಂಧ್ರಗಳನ್ನು ತೆರೆದಿಡುವ ಕಡೆಗೆ ಅದರ ಒಲವು. ಅದನ್ನು ಕತ್ತರಿಸಿ ಸುಮ್ಮನಾಗಿಸಿದರೆ ರಂಧ್ರಗಳ ಸಂಖ್ಯೆ ಇಳಿಯುತ್ತದೆ, ಇರುವವೂ ಬೇಗ ಮುಚ್ಚುತ್ತವೆ. ಆವಿಯಾಗುವ ನೀರು ಕಡಿಮೆ ಎಂದರೆ ಬೇರು ಎಳೆಯುವ ನೀರೂ ಕಡಿಮೆ. ಬಸ್ಸಿನ ಟ್ರಿಪ್ಪುಗಳೇ ಕಡಿಮೆಯಾದರೆ ಟಿಕೆಟಿಲ್ಲದವರೂ ಕಡಿಮೆ. ಬರಕ್ಕೂ ಉಪ್ಪಿಗೂ ಒಂದೇ ತಿದ್ದುಪಡಿ ಹೊಂದುವುದು ಹೀಗೆ. ಸವಳು ಮತ್ತು ಕ್ಷಾರ ನೆಲಗಳಲ್ಲಿ ಮೂಲ ತಳಿಗಿಂತ ಶೇ. 9.66ರಿಂದ 30.4ರವರೆಗೆ ಹೆಚ್ಚು ಇಳುವರಿ ಎಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹೇಳಿದೆ. ಪ್ರಯೋಗದ ಅಂಕಿಗಳನ್ನು ಪ್ರಶ್ನಿಸಿರುವ ಸಂಘಟನೆಗಳೂ ಇವೆ. ಒಂದು ಮಾತು ಗಮನಿಸಿ: ಹೆಚ್ಚಳ ಮೂಲ ತಳಿಗೆ ಹೋಲಿಸಿ ಹೇಳಿದ್ದು. ಸವಳಿನಲ್ಲಿ ಮೂಲ ತಳಿ ಹತ್ತು ಚೀಲ ಕೊಡುತ್ತಿದ್ದರೆ ಶೇ. 30 ಎಂದರೆ ಹದಿಮೂರು ಚೀಲ.

ಗಿಡದ ಜೊತೆ ರೈತನೂ ದಿನ ಎಣಿಸುತ್ತಾನೆ

ಪೊಕ್ಕಾಳಿ ಗದ್ದೆಯಲ್ಲಿ ಮುಂಗಾರಿಗೆ ಮುಂಚೆ ಮಣ್ಣನ್ನು ಸಣ್ಣ ಸಣ್ಣ ದಿಬ್ಬಗಳಾಗಿ ಗುಡ್ಡೆ ಹಾಕುತ್ತಾರೆ. ಮೊದಲ ಮಳೆಗಳು ದಿಬ್ಬದ ನೆತ್ತಿಯಿಂದ ಉಪ್ಪನ್ನು ತೊಳೆದು ಕೆಳಗಿಳಿಸುತ್ತವೆ. ನೆತ್ತಿಯ ಮೇಲೆ ಮೊಳಕೆ ಕಟ್ಟಿದ ಬೀಜ ಹಾಕುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಸಸಿ ಮೊಣಕಾಲುದ್ದ ಬರುತ್ತದೆ. ಆಗ ದಿಬ್ಬವನ್ನು ಸಸಿ ಸಮೇತ ಹೆಂಟೆ ಹೆಂಟೆಯಾಗಿ ಕಡಿದು ಸುತ್ತ ಹರಡುತ್ತಾರೆ. ಎಳೆ ಸಸಿಯ ನಾಜೂಕು ದಿನಗಳು ಕಳೆಯುವವರೆಗೆ ಅದನ್ನು ಎತ್ತರದಲ್ಲಿಟ್ಟು, ಬಲಿತ ಮೇಲೆ ತಗ್ಗಿಗೆ ಇಳಿಸುವ ಲೆಕ್ಕ ಇದು. ಸಸಿಯ ವಯಸ್ಸಿನ ಬಗ್ಗೆ ಪ್ರಯೋಗಾಲಯ ಹೇಳಿದ್ದನ್ನು ಆ ರೈತರು ಗುದ್ದಲಿಯಲ್ಲಿ ಬರೆದಿಟ್ಟಿದ್ದರು.

ನಮ್ಮಲ್ಲಿ ಇದರ ಬಂಧು ಕಗ್ಗ. ಉತ್ತರ ಕನ್ನಡದ ಅಘನಾಶಿನಿ ನದಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಮುಂಚೆ ಹರಡಿಕೊಳ್ಳುವ ತಗ್ಗು ನೆಲಕ್ಕೆ ಗಜನಿ ಎನ್ನುತ್ತಾರೆ. ಗೋವಾದ ಕಡೆ ಇಂಥದ್ದೇ ನೆಲಕ್ಕೆ ಖಾಜನ್. ಕಿವಿಗೆ ಒಂದೇ ಪದದಂತೆ ಕೇಳುತ್ತದೆ. ಮಾಣಿಕಟ್ಟಾದ ಸುತ್ತ ಈ ಗಜನಿಗಳಲ್ಲಿ ಬೆಳೆಯುವ ಕೆಂಪಕ್ಕಿಯ ಭತ್ತ ಕಗ್ಗ. ಉಪ್ಪು ಒಂದೇ ಆಗಿದ್ದರೆ ಸಾಕಿತ್ತು. ಮಳೆಗಾಲದ ನೆರೆಯಲ್ಲಿ ದಿನಗಟ್ಟಲೆ ಮುಳುಗಿಯೂ ಇರಬೇಕು. ಕಗ್ಗ ಎರಡನ್ನೂ ತಡೆಯುತ್ತದೆ. ಗೊಬ್ಬರ ನದಿ ತಂದ ಹೂಳೇ.

ಕಗ್ಗ ಉಪ್ಪನ್ನು ತಾಳುತ್ತದೆ ಎಂದಾಗ ಸಮುದ್ರದ ನೀರಿನಲ್ಲೇ ಬೆಳೆಯುತ್ತದೆ ಎಂದು ತಿಳಿಯಬಾರದು. ಲೀಟರಿಗೆ 35 ಗ್ರಾಂ ತಡೆಯುವ ಭತ್ತ ಎಲ್ಲೂ ಇಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಶಿರಸಿಯ ಕಡೆಯ ಘಟ್ಟದ ಮಳೆ ತಡೆಯಿಲ್ಲದೆ ಇಳಿದು ಬಂದು ಕೆಲವು ತಿಂಗಳು ಉಪ್ಪನ್ನು ಸಮುದ್ರದ ಕಡೆಗೆ ತಳ್ಳಿಡುತ್ತದೆ. ಮಳೆ ಹಿಡಿದು ಗಜನಿ ತೊಳೆದ ಮೇಲೆ ಬಿತ್ತನೆ. ಒಡ್ಡು ಬಿಗಿಯಾಗಿರಬೇಕು, ತೂಬಿನ ಹಲಗೆ ಭರತಕ್ಕೆ ಮುಚ್ಚಿ ಇಳಿತಕ್ಕೆ ತೆರೆಯಬೇಕು. ಒಬ್ಬನ ಗದ್ದೆಯ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು, ಆದ್ದರಿಂದ ಈ ಕೆಲಸ ಊರೊಟ್ಟಿನದು. ಮಳೆಗಾಲ ಮುಗಿದು ನದಿ ಸೊರಗಿದಂತೆ ಉಪ್ಪು ದಿನದಿನಕ್ಕೂ ಹಿಂದಕ್ಕೆ ಬರುತ್ತದೆ. ಅಷ್ಟರಲ್ಲಿ ಕಾಳು ಬಲಿತಿರಬೇಕು. ಗಜನಿಯಲ್ಲಿ ಸಿಗಡಿ ಬೆಳೆಸಿದರೆ ಸಿಗುವ ಲಾಭದ ಮುಂದೆ ಕಗ್ಗದ ಗದ್ದೆ ವರ್ಷದಿಂದ ವರ್ಷಕ್ಕೆ ಕುಗ್ಗಿದೆ, ಬೀಜ ಉಳಿಸಿಕೊಂಡವರು ಕೆಲವರು. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ಕೊಯ್ಲಿನ ಹೊತ್ತಿಗೆ ಗಿಡದ ಬುಡದ ಎಲೆಗಳು ಒಣಗಿ ಬೆಳ್ಳಗಾಗಿರುತ್ತವೆ, ಮೇಲೆ ತೆನೆ ಬಾಗಿರುತ್ತದೆ. ತೆನೆ ಕೊಯ್ದು ಮನೆಗೆ ಸಾಗಿಸಿದ ಮೇಲೆ ತೂಬಿನ ಹಲಗೆ ಎತ್ತುತ್ತಾರೆ. ಉಪ್ಪು ನೀರು ಒಳಗೆ ಬರುತ್ತದೆ, ಅದರ ಜೊತೆಗೆ ಸಿಗಡಿಯ ಮರಿಗಳು.